ಏಳನೇ ಕೇಂದ್ರದ ಅಂಕಿಗಳು

ಊರಿನ ಗಾಳಿ ಅಳೆಯುವ ಏಳನೇ ಕೇಂದ್ರದ ಅಂಕಿಗಳ ಮುಂದೆ ಅವಳು ‘ಯಂತ್ರದೋಷ’ ಎಂದು ಗುರುತು ಹಾಕುತ್ತಿದ್ದಳು. ಗಾಳಿಯ ಧೂಳಿನ ಅಂಕಿ ಐನೂರು ದಾಟಿದರೆ ಅದು ಯಂತ್ರದ ತಪ್ಪೆಂದು ಲೆಕ್ಕದಿಂದ ಬಿಟ್ಟುಬಿಡಬೇಕು. ಮೂರು ವರ್ಷದ ಹಿಂದೆ ಆ ನಿಯಮ ಬರೆದವಳು ಅವಳೇ. ಉಳಿದ ಅಂಕಿಗಳಿಂದ ಕಂಪ್ಯೂಟರ್ ಕಲಿತು, ನಾಳೆಯ ಗಾಳಿ ಹೇಗಿರುತ್ತದೆಂದು ಹೇಳುತ್ತಿತ್ತು.

ಆ ಕೇಂದ್ರದ ಹಿಂದಿನ ಬೀದಿಯಲ್ಲಿರುವ ತಂಗಿ ಫೋನ್ ಮಾಡಿದಳು.

“ಅಕ್ಕಾ, ಮಗೂನ ಮತ್ತೆ ಆಸ್ಪತ್ರೆಗೆ ಸೇರಿಸಿದೀವಿ. ಉಸಿರು ಮೇಲಕ್ಕೇ ಬರ್ತಿಲ್ಲ.”

“ಬೆಳಗ್ಗೆ ಹೊರಗೆ ಬಿಟ್ಟಿದ್ಯಾ?”

“ಗಾಳಿ ಚೆನ್ನಾಗಿರುತ್ತೆ ಅಂತ ನಿಮ್ಮ ಆಫೀಸಿನವರೇ ಹೇಳಿದ್ರಲ್ಲ, ಆರು ಗಂಟೆಗೆ ಆಡೋಕೆ ಬಿಟ್ಟೆ. ನಿನ್ನ ಕಂಪ್ಯೂಟರಿಗೆ ಮೂಗಿಲ್ವೇನೇ?”

ಫೋನಿಟ್ಟ ಮೇಲೆ, ತಾನು ಬಿಟ್ಟ ಅಂಕಿಗಳ ಪಕ್ಕದ ಸಮಯವನ್ನು ಅವಳು ಮೊದಲ ಬಾರಿಗೆ ಓದಿದಳು. ಎಲ್ಲವೂ ಬೆಳಗಿನ ಆರರಿಂದ ಎಂಟರ ನಡುವಿನವು. ಕೆಟ್ಟ ಯಂತ್ರ ಗಡಿಯಾರ ನೋಡಿಕೊಂಡು ಕೆಡುವುದಿಲ್ಲ.

“ಏಳನೇದು ಮುಗೀತಾ ಮೇಡಂ?” ಮೇಲಧಿಕಾರಿ ಬಾಗಿಲಲ್ಲೇ ಕೇಳಿದರು. “ಆ ಯಂತ್ರಕ್ಕೆ ತಲೆ ಕೆಟ್ಟಿದೆ, ಜಾಸ್ತಿ ನೋಡ್ಬೇಡಿ.”

“ಮುಗೀತಾ ಬಂತು ಸರ್.”

ಅವರು ಹೋದ ಮೇಲೆ ಮೂರು ವರ್ಷದ ಹಿಂದಿನ ಮೊದಲ ಗುರುತಿಗೆ ಹೋಗಿ, ಅದನ್ನು ತೆಗೆದಳು. ಆಮೇಲೆ ಎರಡನೆಯದನ್ನು.