ಯಾವ ಬೋರು?

ಲೇತ್ ವರ್ಕ್‌ಶಾಪಿನ ಯಜಮಾನಿಯನ್ನು ಎಲ್ಲರೂ ಕರೆಯುವುದು ಅಕ್ಕ ಅಂತಲೇ. ಬೋರಿಂಗ್ ಯಂತ್ರದ ಮುಂದೆ ನಿಲ್ಲುವವನು ಅವಳ ಒಡಹುಟ್ಟಿದ ತಮ್ಮ. ಇಂಜಿನ್ನಿನ ಸವೆದ ಸಿಲಿಂಡರಿನ ಒಳಮೈಯನ್ನು ಕೊರೆದು ಅಗಲ ಮಾಡಿ, ದಪ್ಪ ಪಿಸ್ಟನ್ ಕೂರಿಸಿಕೊಡುವುದು ಅವನ ಕೆಲಸ. ಅವನ ಕೈ ಓಡಿದರೆ ಅಂಗಡಿ ಓಡುತ್ತದೆ.

ಆವತ್ತು ಅಕ್ಕ ಎಣ್ಣೆ ಡಬ್ಬ ತರಲು ಹಿಂದಿನ ಕೋಣೆಗೆ ಹೋದಾಗ, ಗೋಡೆಯಾಚೆ ತಮ್ಮ ಫೋನಿನಲ್ಲಿ ಹೇಳುತ್ತಿದ್ದ: "ಬೋರ್ ಆಗಿ ಆಗಿ ಏನೂ ಉಳಿದಿಲ್ಲ. ಇನ್ನು ತಡೆಯಲ್ಲ. ಎಳೆದಾಡೋ ಬದಲು ಹೊಸದು ನೋಡ್ಕೊಳ್ಳೋದೇ ವಾಸಿ."

ಅಕ್ಕ ಎಣ್ಣೆ ಡಬ್ಬ ಮರೆತು ಮುಂಬಾಗಿಲಿಗೆ ಬಂದಳು. ಎದುರು ಸಾಲಿನಲ್ಲಿ ಆಗಷ್ಟೇ ಹೊಸ ವರ್ಕ್‌ಶಾಪ್ ಬಾಗಿಲು ತೆರೆದಿತ್ತು. ಅದರ ಮಾಲೀಕ ತಮ್ಮನನ್ನು ಕಂಡಾಗಲೆಲ್ಲ ಹಲ್ಲು ಕಿರಿಯುತ್ತಿದ್ದ. ಒಂದಕ್ಕೊಂದು ತಾಳೆಯಾಯಿತು! ತಮ್ಮ ಉಜ್ಜಿ ಉಜ್ಜಿ ಕೈ ತೊಳೆದರೆ ಯಾರನ್ನು ನೋಡಲು ಹೊರಟನೋ ಎಂಬ ಗುಮಾನಿ. ಸಿಳ್ಳೆ ಹಾಕಿದರೂ ಗುಮಾನಿ. ಸುಮ್ಮನಿದ್ದರಂತೂ ಕೇಳುವುದೇ ಬೇಡ. ಗಂಡನ ಕಿವಿಗೂ ಹಾಕಿದಳು. "ನಿನ್ನ ತಮ್ಮ ತಾನೇ, ಕೇಳ್ಬಿಡು," ಎಂದು ಅವನು ಪೇಪರಿನೊಳಗೆ ಮುಖ ಹುದುಗಿಸಿದ.

ಅವಳು ಕೇಳಲಿಲ್ಲ. ಅಳತೆಯ ಸಾಮಾನಿನ ಕಪಾಟಿಗೆ ಬೀಗ ಜಡಿದಳು.

ಬೆಳಿಗ್ಗೆ ತಮ್ಮ ಕಪಾಟು ಜಗ್ಗಿ ನೋಡಿದ. "ಅಕ್ಕಾ, ಇದೇನಿದು?"

"ಬಿಟ್ಟು ಹೋಗೋನಿಗೆ ಬೀಗದಕೈ ಯಾಕೆ? ಬೋರ್ ಆಗಿದೆ, ಹೊಸದು ನೋಡ್ಕೋಬೇಕು ಅಂದ್ಯಲ್ಲ. ನಂಗೇನು ಕಿವಿ ಇಲ್ವಾ?"

ತಮ್ಮ ಕಣ್ಣು ಕಣ್ಣು ಬಿಟ್ಟ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. "ಅದು ಲಾರಿಯವನ ಇಂಜಿನ್ ಕಣಕ್ಕಾ! ಬೋರ್ ಮಾಡಿ ಮಾಡಿ ಸಿಲಿಂಡರ್ ಗೋಡೆ ತೆಳ್ಳಗಾಗಿದೆ. ಹೊಸದು ಹಾಕಿಸು ಅಂದೆ."

ಅಕ್ಕ ಪೆಚ್ಚಾಗಿ ಬೀಗದಕೈ ಚಾಚಿದಳು. ಆದರೂ ಒಳಗಿನ ಹುಳ ಸುಮ್ಮನಿರಲಿಲ್ಲ. "ನಿಂಗೆ ಬೋರ್ ಆಗಿಲ್ಲ ತಾನೇ?"

ತಮ್ಮನ ನಗು ನಿಂತಿತು. "ಆಗಿದೆ ಅಕ್ಕಾ," ಎಂದ ಮೆಲ್ಲಗೆ. "ದಿನಾ ಅದೇ ತೂತು, ಅದೇ ಸದ್ದು. ಎದುರಿನವನು ಕರೆದಿದ್ದು ನಿಜ. ಒಲ್ಲೆ ಅಂದೆ. ಅಲ್ಲಿ ಮಾತ್ರ ಬೇರೆ ತೂತು ಇರತ್ತಾ?"

ಅಕ್ಕ ಸ್ಟೂಲು ಎಳೆದುಕೊಂಡು ಕೂತಳು. "ಮತ್ತೆ ಏನು ಮಾಡ್ಬೇಕು ಅಂತಿದೀಯ?"

"ಕೆಟ್ಟು ನಿಂತ ಗಾಡಿ ಹತ್ರಾನೇ ಹೋಗಿ ರಿಪೇರಿ ಮಾಡೋದು. ನಾಲ್ಕು ಜನರ ಮುಖನಾದ್ರೂ ನೋಡ್ಬಹುದು."

"ಹಾಗಾದ್ರೆ ಈ ಯಂತ್ರ ನಂಗೆ ಕಲಿಸು," ಎಂದಳು ಅಕ್ಕ.

ತಮ್ಮ ಪಕ್ಕದಲ್ಲಿ ನಿಂತು ಕಲಿಸಿದ. ಅವಳ ಮೊದಲ ಸಿಲಿಂಡರು ಕೆಟ್ಟಿತು, ಆಮೇಲಿನದು ಸರಿಬಂತು. ಕೈ ಕುದುರಿದ ಮೇಲೆ ಅವನು ಸ್ಕೂಟರಿಗೆ ಹತಾರದ ಪೆಟ್ಟಿಗೆ ಕಟ್ಟಿಕೊಂಡು ಹೊರಟ. ಸಂಜೆ ನಗುನಗುತ್ತ ಬಂದರೆ ಅಕ್ಕನಿಗೆ ಈಗಲೂ ಗುಮಾನಿಯೇ. ಆದರೆ ಈಗ ಬಾಯಿಬಿಟ್ಟು ಕೇಳುತ್ತಾಳೆ.