ಸಾಲ್ಮೆಯ ಮನೆಯ ಕಾಫಿ

ಪಕ್ಕದ ಮನೆಯ ಅಜ್ಜಿ ಫೆವ್ರೋನ್ಯಾ ಇಪ್ಪತ್ತೆರಡು ವರ್ಷಗಳಲ್ಲಿ ಸಾಲ್ಮೆಯ ಮನೆಯಲ್ಲಿ ಒಂದು ತೊಟ್ಟು ನೀರೂ ಮುಟ್ಟಿರಲಿಲ್ಲ. ಬರುವಳು, ಈರುಳ್ಳಿ ಬೆಳೆಯ ಬಗ್ಗೆ, ಪೈಪ್ಸಿ ಸರೋವರದ ಮೀನಿನ ಬಗ್ಗೆ ಹೊತ್ತುಗಟ್ಟಲೆ ಹರಟುವಳು. ಕಾಫಿ ಎಂದರೆ ಸಾಕು, ತಲೆವಸ್ತ್ರ ಬಿಗಿದುಕೊಂಡು ಎದ್ದೇಬಿಡುವಳು. ಫೆವ್ರೋನ್ಯಾಳಂಥ ಹಳೇ ನಂಬಿಕೆಯ ಕ್ರೈಸ್ತ ಪಂಗಡದ ರಷ್ಯನ್ನರ ಕಟ್ಟುಪಾಡು ಅದು, ಹೊರಗಿನವರು ಬಾಯಿಟ್ಟ ಲೋಟದಲ್ಲಿ ಕುಡಿಯುವಂತಿಲ್ಲ. ಅವರ ಮನೆಗೆ ಹೋದರೆ ಎಸ್ತೋನಿಯದವಳಾದ ಸಾಲ್ಮೆಗೂ ಬೇರೆ ಲೋಟವೇ. ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಉರಿಯದೆ ಇನ್ನೇನು?

ಈಗ ನೋಡಿದರೆ ಮಗ ತಾರ್ಮೋ ಆ ಅಜ್ಜಿಯ ಮೊಮ್ಮಗಳು ಉಸ್ತಿನ್ಯಾಳನ್ನೇ ಮದುವೆಯಾಗುತ್ತೇನೆಂದು ಕೂತಿದ್ದ. ಹುಡುಗಿ ಬಂಗಾರದಂಥವಳು, ಎರಡು ಮಾತಿಲ್ಲ. ಆದರೂ ಸಾಲ್ಮೆ ಪಟ್ಟು ಹಿಡಿದಳು. ಭಾನುವಾರ ಮಾತುಕತೆಗೆ ಬಂದಾಗ ಅಜ್ಜಿ ತನ್ನ ಮನೆಯ ಕಾಫಿ ಕುಡಿಯಬೇಕು, ಇಲ್ಲದಿದ್ದರೆ ಈ ಸಂಬಂಧವೇ ಬೇಡ.

"ರಷ್ಯದವ್ರು ಐವತ್ತು ವರ್ಷ ಆಳಿ ನಮ್ಮ ದೇಶಾನೇ ತಿಂದ್ರು, ಆಗ ಮೈಲಿಗೆ ಆಗ್ಲಿಲ್ಲ. ಈಗ ನನ್ನ ಕಾಫಿ ಆಗಲ್ವಂತೆ," ಎಂದಳು.

ಮಾತು ಬೇಲಿ ದಾಟಿತು. ತಾರ್ಮೋ ಎರಡೂ ಮನೆಗೆ ಅಲೆದು ಹಣ್ಣಾದ. ಶನಿವಾರ ಅವನು ತಟ್ಟೆ ಸರಿಸಿ ಎದ್ದದ್ದನ್ನು ಸಾಲ್ಮೆ ಕಂಡಳು. ಯಾರಿಗೂ ಹೇಳದೆ ಬಸ್ಸು ಹತ್ತಿ ತಾರ್ತು ಪಟ್ಟಣಕ್ಕೆ ಹೋಗಿಬಂದಳು.

ಭಾನುವಾರ ಮೊಮ್ಮಗಳ ಜೊತೆ ಬಂದ ಫೆವ್ರೋನ್ಯಾ ಕೂತವಳೇ ನೇರವಾಗಿ ಶುರುಮಾಡಿದಳು. "ನಿಮ್ಮ ದೇಶ ತಿಂದೋರು ನಾವಲ್ಲಮ್ಮ. ಅಂಥವ್ರೇ ಮುನ್ನೂರು ವರ್ಷದ ಹಿಂದೆ, ಹಳೇ ನಂಬಿಕೆ ಬಿಡಲ್ಲ ಅಂದಿದ್ದಕ್ಕೆ, ನಮ್ಮೋರನ್ನೂ ರಷ್ಯದಿಂದ ಓಡ್ಸಿದ್ದು."

ಸಾಲ್ಮೆ ಎದ್ದು ಕಪಾಟು ತೆರೆದಳು. ನೀಲಿ ಹೂವಿನ ಹೊಚ್ಚಹೊಸ ಲೋಟವೊಂದನ್ನು ಮೇಜಿನ ಮೇಲಿಟ್ಟಳು. ತಾರ್ತುವಿನ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡೇ ಇತ್ತು.

"ಯಾರೂ ಬಾಯಿಟ್ಟಿಲ್ಲ," ಎಂದಳು.

ಅಜ್ಜಿ ಲೋಟವನ್ನು ತಿರುಗಿಸಿ ನೋಡಿ, ತಳವನ್ನೂ ನೋಡಿ ಕೆಳಗಿಟ್ಟಳು. ಸಾಲ್ಮೆ ಕಾಫಿ ಬಗ್ಗಿಸಿದ ಮೇಲೆ ಅಜ್ಜಿ ತನ್ನವರ ಪದ್ಧತಿಯಂತೆ ಎರಡು ಬೆರಳಲ್ಲಿ ಶಿಲುಬೆಯ ಗುರುತು ಮಾಡಿಕೊಂಡು, ಒಂದು ತೊಟ್ಟೂ ಉಳಿಸದೆ ಕುಡಿದಳು. ಸಕ್ಕರೆ ಸಾಲದು ಎಂದು ಇನ್ನೊಂದು ಲೋಟ ಕಾಫಿ ಕೇಳಿದಳು. ಮದುವೆ ಸೆಪ್ಟೆಂಬರಿಗೆ, ಈರುಳ್ಳಿ ಕಿತ್ತ ಮೇಲೆ ಎಂದಾಯಿತು.

ಖುಷಿಯಲ್ಲಿ ತಾರ್ಮೋ ಕೈಗೆ ಸಿಕ್ಕಿದ ನೀಲಿ ಲೋಟಕ್ಕೇ ಕಾಫಿ ಬಗ್ಗಿಸಹೊರಟ. ಸಾಲ್ಮೆ ಅವನ ಕೈಗೆ ಫಟ್ಟನೆ ಹೊಡೆದಳು.

"ಅದು ಅಜ್ಜಿ ಲೋಟ ಕಣೋ. ಇನ್ಯಾರೂ ಮುಟ್ಟೋ ಹಾಗಿಲ್ಲ."

ಹೇಳಿದ ಮೇಲೆ ತಾನೇನು ಹೇಳಿದೆನೆಂದು ಹೊಳೆದು ಸಾಲ್ಮೆಯ ಮುಖ ಕೆಂಪೇರಿತು. ಉಸ್ತಿನ್ಯಾ ನಗು ತಡೆಯಲಾರದೆ ಮುಖ ಮುಚ್ಚಿಕೊಂಡಳು.

ಅಜ್ಜಿ ಮಾತ್ರ ನಗಲಿಲ್ಲ. "ನಿಮ್ಮ ಲೋಟಾನೂ ನಾನು ಇಪ್ಪತ್ತೆರಡು ವರ್ಷದಿಂದ ಯಾರಿಗೂ ಮುಟ್ಟಕ್ಕೆ ಬಿಟ್ಟಿಲ್ಲ, ಸಾಲ್ಮೆ," ಎಂದಳು.