ಸೋನುಬಾಯಿಯ ಕುತ್ತಿಗೆ ಪಟ್ಟಾ

"ತಲಿ ಬಗ್ಗಸಲೇ ಬೋಳಿ! ಯಾರ ಮುಂದ ನಿಂತೀದಿ ಖಬರ್ ಅದ ಏನ್?"

ಸೋನುಬಾಯಿ ಬಗ್ಗಿಸಲು ನೋಡಿದಳು. ಗದ್ದದ ಕೆಳಗೆ ಬಿಳಿ ಪ್ಲಾಸ್ಟಿಕ್ ಪಟ್ಟಾ ಗೋಡೆಯ ಹಾಗೆ ನಿಂತಿತ್ತು. ಸೊಂಟದಿಂದ ಬಗ್ಗಿದರೆ ಮುಖ ಮಾತ್ರ ಮೇಲೆಯೇ ಉಳಿದು, ನೀರು ಕುಡಿದ ಕೋಳಿಯಂತೆ ಕಂಡಳು. ಕೂಲಿಗೆ ನಿಂತ ಆಳುಗಳ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

ಕಣದ ಕಟ್ಟೆಯ ಮೇಲೆ ಮಹಾರುದ್ರಪ್ಪ ಪಾಟೀಲ ಕೂತಿದ್ದ. ಅವನಪ್ಪನ ಕಾಲದಿಂದಲೂ ಅಲ್ಲಿ ಒಂದೇ ಪದ್ಧತಿ. ಕೂಲಿಯ ದಿನ ಆಳುಗಳು ನೆಲ ನೋಡುತ್ತ ಬರಬೇಕು, ಬಗ್ಗಿ ಜೋಳದ ರಾಶಿಯಿಂದ ತಾವೇ ಸೇರು ತುಂಬಿ ಉಡಿಗೆ ಸುರಿದುಕೊಳ್ಳಬೇಕು, ನೆಲ ನೋಡುತ್ತಲೇ ಹೋಗಬೇಕು. ಇಷ್ಟು ವರ್ಷ ದುಡಿದರೂ ಸೋನುಬಾಯಿ ಅವನ ಮುಖವನ್ನು ಸರಿಯಾಗಿ ನೋಡಿದ್ದು ಇವತ್ತೇ. ಮೂಗಿನ ಹೊಳ್ಳೆಯಿಂದ ಕೂದಲು ಹಣಿಕಿ ಹಾಕುತ್ತಿದ್ದವು. ಅವಳಿಗೆ ಕಣ್ಣು ಕೀಳಲಾಗಲಿಲ್ಲ.

"ಏನ್ ನೋಡಾಕತ್ತೀ?"

"ನಾ ಎಲ್ಲಿ ನೋಡಾಕತ್ತೇನ್ರಿ ಮಾಲಕ್ರ? ಪಟ್ಟಾ ನೋಡಸಾಕತ್ತದ."

"ಬಿಚ್ಚಿ ಒಗಿ ಅದನ!"

"ನಿಮ್ಮ ಅಳಿಯನವ್ರೇ ಹಾಕ್ಯಾರ್ರಿ. ಬಿಚ್ಚಬ್ಯಾಡ, ಬಗ್ಗಬ್ಯಾಡ ಅಂದಾರ."

ಅದು ನಿಜ. ಪಾಟೀಲನ ತೊಗರಿ ಚೀಲ ಹೊತ್ತು ಅವಳ ಕುತ್ತಿಗೆ ಹಿಡಿದಾಗ, ಪಾಟೀಲನೇ ಅವಳನ್ನು ಹುಮನಾಬಾದಿನ ಅಳಿಯ ದಿಗಂಬರ ಡಾಕ್ಟರನ ದವಾಖಾನೆಗೆ ಅಟ್ಟಿದ್ದ. ಆಳುಗಳು ಬೇರೆ ಕಡೆ ಹೋಗುವಂತಿರಲಿಲ್ಲ. ಡಾಕ್ಟರ ನಾಡಿ ಹಿಡಿಯುವ ಮೊದಲು ಗಾಜಿನ ಕಪಾಟಿನ ಕಡೆ ನೋಡುತ್ತಿದ್ದ. ಅದರಲ್ಲಿ ಯಾವ ಸಾಮಾನು ಮಾರದೆ ಉಳಿದಿದೆಯೋ ಅದಕ್ಕೆ ತಕ್ಕ ರೋಗ. ಸಾಮಾನು ಆಳಿಗೆ, ಬಿಲ್ಲು ಮಾವನಿಗೆ. ಮಾವ ಅದಕ್ಕೆ ತನ್ನದೂ ಒಂದಿಷ್ಟು ಸೇರಿಸಿ ಕೂಲಿಯ ಜೋಳದಲ್ಲಿ ಮುರಿದುಕೊಳ್ಳುತ್ತಿದ್ದ.

"ಪಟ್ಟಾ ಬಿಚ್ಚೂತನಾ ನಿನಗ ಒಂದ ಕಾಳ ಜ್ವಾಳಾ ಸಿಗೂದಿಲ್ಲ."

ಮನೆಯಲ್ಲಿ ಹಿಟ್ಟಿನ ಗಡಿಗೆ ಬೆಳಿಗ್ಗೆಯೇ ಬರಿದಾಗಿತ್ತು. ಸೋನುಬಾಯಿಗೆ ಸಿಟ್ಟು ಬಂತು. "ಬಿಚ್ಚತೇನ್ರಿ. ಇದಕ್ಕಂತ ಲೆಕ್ಕದಾಗ ಮುರಕೊಂಡ ಜ್ವಾಳಾ ವಾಪಸ್ ಸುರೀರಿ."

ವಾಪಸ್ ಎಂಬ ಮಾತನ್ನು ಆ ಕಣದಲ್ಲಿ ಯಾರೂ ಆಡಿರಲಿಲ್ಲ. ಪಾಟೀಲ ಧಡಕ್ಕನೆ ಎದ್ದ. "ನಡಿ ಹುಮನಾಬಾದಕ! ಹಾಕಿದವನ ಕೈಲೇ ಬಿಚ್ಚಸ್ತೇನಿ, ಹಲ್ಕಟ್ ರಂಡಿ."

ದವಾಖಾನೆ ತುಂಬಿತ್ತು. ಹಲ್ಲುನೋವಿಗೆಂದು ಬಸವಕಲ್ಯಾಣದಿಂದ ಬಂದ ಅಬ್ದುಲ್ ಕರೀಂ ಎರಡು ಊರುಗೋಲು ತಬ್ಬಿಕೊಂಡು ಕೂತಿದ್ದ. ಕೆಮ್ಮಿಗೆ ಬಂದ ಹಜಿರಾ ಬೀಗೆ ಕಂಪೌಂಡರ್ ಶಂಶುದ್ದೀನ್ ಸೊಂಟದ ಪಟ್ಟಾ ಬಿಗಿಯುತ್ತಿದ್ದ.

"ಕೆಮ್ಮು ಇಲ್ಲಿಂದೇ ಏಳ್ತದ ಖಾಲಾ," ಎಂದು ಸಮಾಧಾನ ಹೇಳುತ್ತಿದ್ದ.

"ಡಾಕ್ಟರ್ರ, ಈಕಿ ಪಟ್ಟಾ ಬಿಚ್ಚರಿ. ಕುತ್ತಿಗಿಗಿ ಏನೂ ಆಗಿಲ್ಲ," ಎಂದ ಪಾಟೀಲ.

ಡಾಕ್ಟರ ಮಾವನ ಕಿವಿಗೆ ಬಾಯಿ ಹಚ್ಚಿದ. "ಮೆಲ್ಲಕ ಮಾತಾಡ್ರಿ ಮಾವಾ. ಮಂದಿ ಅದಾರ."

ಸೋನುಬಾಯಿ ಮೆಲ್ಲಗೆ ಮಾತಾಡಲಿಲ್ಲ. "ಸಾಹೇಬ್ರ, ಬಿಚ್ಚಲೇನ್ರಿ? ಹಂಗಾದ್ರ ಇದು ಬೇಕಾಗೇ ಇದ್ದಿದ್ದಿಲ್ಲೇನ್ರಿ?"

"ಅರೆ, ಮತ್ತ ನನ್ನ ಹಲ್ಲಿಗಿ ಇವು ಯಾಕ?" ಅಬ್ದುಲ್ ಕರೀಂ ಊರುಗೋಲು ಎತ್ತಿ ನೋಡಿದ. ಹಜಿರಾ ಬೀ ಸೊಂಟದ ಬಕಲ್ಲಿಗೆ ಕೈ ಹಾಕಿದಳು.

ಡಾಕ್ಟರ ಇಬ್ಬರ ಕಡೆಗೂ ಕೈ ಅಡ್ಡ ಹಿಡಿದ. "ಬಿಚ್ಚಬಾರದು!" ಎಂದು ಬೀದಿಗೆ ಕೇಳುವಂತೆ ಕೂಗಿದ. "ಬಿಚ್ಚಿದ್ರ ಕುತ್ತಿಗಿ ಮುರೀತದ! ಸುಗ್ಗಿ ಮುಗಿಯೂತನಾ ಬಗ್ಗೂಹಂಗೇ ಇಲ್ಲ. ಚೀಲಾ ಹೊರೂ ಮಂದಿಗಿ ಈ ರೋಗ ಬರೂದೇ!"

"ಎಲ್ಲಾರಿಗೂನೇನ್ರಿ?" ಎಂದಳು ಸೋನುಬಾಯಿ.

"ಎಲ್ಲಾರಿಗೂ!" ಅನ್ನುವಾಗ ಅವನ ಕಣ್ಣು ಕಪಾಟಿನ ಮೇಲಿತ್ತು. ಪಾಟೀಲ ಹಲ್ಲು ಕಡಿದ.

ಆ ವಾರ ಗಂಡನ ಕೂಲಿಯೊಂದೇ ಸಾಲದೆ ಸೋನುಬಾಯಿಯ ಮನೆಯವರು ಕೇರಿಯಲ್ಲಿ ಹಿಟ್ಟು ಕಡ ತಂದು ಉಂಡರು.

ಮುಂದಿನ ಕೂಲಿಯ ದಿನ ಕಣಕ್ಕೆ ಬಂದ ಸಾಲು ನೋಡಿ ಪಾಟೀಲನ ಬಾಯೊಳಗಿನ ಎಲೆಅಡಿಕೆ ಅಲ್ಲೇ ನಿಂತಿತು. ಸೋನುಬಾಯಿಯ ಗಂಡ ಸಿದ್ದಪ್ಪನ ಕುತ್ತಿಗೆಗೆ ಸೈಕಲ್ ಟಯರಿನ ಸುತ್ತು. ಮುದುಕಿ ಗಯಾಬಾಯಿಗೆ ತಳ ಬಾಯಿ ಎರಡೂ ಕತ್ತರಿಸಿದ ಎಣ್ಣೆ ಡಬ್ಬಿ. ಚನ್ನಬಸಪ್ಪ ಎತ್ತಿನ ಗೆಜ್ಜೆಪಟ್ಟಿ ಬಿಗಿದಿದ್ದ, ಉಸಿರಾಡಿದರೂ ಘಲ್ಲೆನ್ನುತ್ತಿತ್ತು. ಎಲ್ಲರ ಗದ್ದವೂ ಮೇಲೆ. ಎಲ್ಲರೂ ಪಾಟೀಲನ ಮೂಗನ್ನೇ ನೋಡುತ್ತಿದ್ದರು.

"ಏನ್ ನಾಟಕ ಇದು, ಭಾಡ್ಯಾಗಳ್ರಾ?"

"ರೋಗರಿ," ಎಂದ ಸಿದ್ದಪ್ಪ. "ಡಾಕ್ಟರ ಸಾಹೇಬ್ರೇ ಹೇಳ್ಯಾರ. ಇವಕ್ಕ ಬಿಲ್ ಇಲ್ರಿ, ಮನ್ಯಾಗಿನವ."

"ಜ್ವಾಳಾ ತುಂಬಕೊಂಡು ಕೆಲಸಕ್ಕ ಹತ್ರಲೇ! ಲಾರಿ ನಿಂತದ."

ಯಾರೂ ಅಲ್ಲಾಡಲಿಲ್ಲ. ಸೇರು ರಾಶಿಯ ಬುಡದಲ್ಲಿ ಬಿದ್ದಿತ್ತು.

"ಬಗ್ಗೂಹಂಗಿಲ್ರಿ," ಎಂದಳು ಸೋನುಬಾಯಿ. "ಹೋದ ವಾರದ್ದೂ ಸೇರಿ ನೀವೇ ಉಡಿ ತುಂಬಿದ್ರ ರೋಗ ಕಮ್ಮಿ ಆಗಬೌದು."

ಹೊರಗೆ ತೊಗರಿ ಒಯ್ಯಲು ಬಂದ ಲಾರಿಯವನು ಹಾರ್ನ್ ಹೊಡೆದ. ಮತ್ತೆ ಹೊಡೆದ. ಪಾಟೀಲ ಕಟ್ಟೆ ಇಳಿದ. ಮೊಣಕಾಲು ಅಗಲಿಸಿ, ಧೋತರ ಹಿಡಿದು, ಹೊಟ್ಟೆಯನ್ನು ಒಂದು ಬದಿಗೆ ಸರಿಸಿ ಬಗ್ಗಿದ. ಸೇರು ಕೈಗೆ ಸಿಕ್ಕಿತು, ಜೋಳವೂ ತುಂಬಿತು. ಸೊಂಟ ಮಾತ್ರ ಲಟಕ್ಕೆಂದು ಅಲ್ಲೇ ಕಚ್ಚಿಕೊಂಡಿತು.

"ಯಪ್ಪಾ! ಎತ್ರಲೇ ನನ್ನ!"

ಅವನ ಮುಖ ಈಗ ಸೋನುಬಾಯಿಯ ಕಾಲ್ಬೆರಳ ಕಡೆ ಇತ್ತು. ಚನ್ನಬಸಪ್ಪನ ಗೆಜ್ಜೆ ತಡೆಯಲಾರದೆ ಘಲಘಲ ಎಂದಿತು.

"ನಿಮ್ಮ ಅಳಿಯನವ್ರ ಕಪಾಟಿನ್ಯಾಗ ಸ್ವಂಟದ ಪಟ್ಟಾ ಭಾಳ ಅದಾವ್ರಿ, ತರಸೂಣು," ಎಂದು ಸೋನುಬಾಯಿ ಕುಕ್ಕರಗಾಲಲ್ಲಿ ಕೂತು, ಗದ್ದ ಎತ್ತಿಕೊಂಡೇ, ಅವನ ಕೈ ಕೆಳಗೆ ಉಡಿ ಒಡ್ಡಿದಳು. "ಮೊದಲ ಜ್ವಾಳಾ ಸುರೀರಿ."